ಕಷ್ಟ ಕಾಣದೆ ಬೆಳೆಯುತ್ತಿರುವ ಮಕ್ಕಳಿಗೆ ಕಷ್ಟವನ್ನು ಬೇಕೆಂದೇ ಕೊಡಬೇಕೇ?

ಶಿಡ್ಲಘಟ್ಟದ ರೇಷ್ಮೆ ಬೆಳೆಗಾರ — ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಕೆಲವು ವಾರಗಳಿಂದ ನಮ್ಮ ಮನೆಯಲ್ಲಿ ನಡೆಯುತ್ತಿರುವ ಒಂದು ಮಾತನ್ನು ಇಲ್ಲಿರುವ ಹಿರಿಯರ ಮುಂದಿಡಬೇಕೆನ್ನಿಸಿ ಬರೆಯುತ್ತಿದ್ದೇನೆ. ನನ್ನ ಮಗಳು ಪ್ರಥಮ ಪಿಯುಸಿಯಲ್ಲಿದ್ದಾಳೆ, ಮಗ ಒಂಬತ್ತನೇ ತರಗತಿ. ನನ್ನ ಬಾಮೈದ ತನ್ನ ಮಗನಿಗೆ ಎಸ್ಸೆಸ್ಸೆಲ್ಸಿಯಲ್ಲಿ ಶೇಕಡ 95 ಅಂಕ ಬಂದರೆ ದುಬಾರಿ ಮೊಬೈಲ್ ಫೋನ್ ಕೊಡಿಸುವುದಾಗಿ ಮಾತು ಕೊಟ್ಟಿದ್ದಾನೆ. ಅದನ್ನು ಕೇಳಿಕೊಂಡು ಬಂದ ನನ್ನ ಮಗ ರಾತ್ರಿ ಊಟಕ್ಕೆ ಕುಳಿತಾಗ, "ಅಪ್ಪಾ, ನನಗೆ ನೀನು ಏನು ಕೊಡಿಸುತ್ತೀಯ?" ಎಂದು ಕೇಳಿದ. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಅಂದಿನಿಂದ ಆ ಪ್ರಶ್ನೆಯೇ ತಲೆಯಲ್ಲಿದೆ.

ನನ್ನ ಬಾಲ್ಯದಲ್ಲಿ ನಮಗೆ ಬೇರೆ ಹುಳುಮನೆ ಇರಲಿಲ್ಲ. ಎರಡು ಅಂಕಣದ ಮನೆಯಲ್ಲಿ ಒಂದು ಅಂಕಣ ಹುಳುವಿಗೆ, ಇನ್ನೊಂದು ನಮ್ಮ ಆರು ಜನಕ್ಕೆ. ರೇಷ್ಮೆ ಮಾಡುವವರಿಗೆ ಗೊತ್ತಿರುವಂತೆ, ಹುಳು ನಾಲ್ಕನೇ ಜ್ವರ ಎದ್ದ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟ ಮೇಲಿನ ಏಳೆಂಟು ದಿನಗಳಲ್ಲೇ ಇಡೀ ಬೆಳೆಗೆ ಬೇಕಾದ ಸೊಪ್ಪಿನಲ್ಲಿ ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚು ಮುಗಿಯುತ್ತದೆ. ಆ ದಿನಗಳಲ್ಲಿ ನಡುರಾತ್ರಿ ಎದ್ದು ಸೊಪ್ಪು ಹಾಕಿ, ಮತ್ತೆ ಮಲಗಿ, ಬೆಳಿಗ್ಗೆ ಕಣ್ಣುಜ್ಜಿಕೊಂಡೇ ಶಾಲೆಗೆ ಹೋಗುತ್ತಿದ್ದೆ. ನಾನು ಎಸ್ಸೆಸ್ಸೆಲ್ಸಿಯಲ್ಲಿದ್ದ ವರ್ಷ ಮಳೆಗಾಲದ ಥಂಡಿಗೆ ಹುಳುವಿಗೆ ಸುಣ್ಣಕಟ್ಟು ರೋಗ ಬಂತು. ಇನ್ನು ಮೂರು ದಿನಕ್ಕೆ ಹಣ್ಣಾಗಿ ಗೂಡು ಕಟ್ಟಬೇಕಾಗಿದ್ದ ಹುಳು ಸುಣ್ಣದ ಕಡ್ಡಿಯ ಹಾಗೆ ಬೆಳ್ಳಗೆ ಬಿರುಸಾಗಿ ತಟ್ಟೆಗಳ ತುಂಬ ಬಿದ್ದಿತ್ತು. ಸೊಪ್ಪು ಕೊಂಡ ಸಾಲ ಹಾಗೆಯೇ ಉಳಿಯಿತು. ಅಪ್ಪ ಆ ದಿನ ಯಾರನ್ನೂ ಬಯ್ಯಲಿಲ್ಲ. ಸತ್ತ ಹುಳುವನ್ನೆಲ್ಲ ಊರಾಚೆ ಸುಟ್ಟು ಹೂಳಿದರು. ತಟ್ಟೆಗಳನ್ನೂ, ಗೂಡು ಕಟ್ಟಲು ಹುಳು ಬಿಡುವ ಚಂದ್ರಿಕೆಗಳನ್ನೂ ತೊಳೆದು ಬಿಸಿಲಿಗೆ ಹಾಕಿದರು. ಗೋಡೆಗೆ ಸುಣ್ಣ ಬಳಿದು ಔಷಧಿ ಹೊಡೆದರು. ಎರಡು ವಾರ ಕಳೆಯುವುದರೊಳಗೆ ಹೊಸ ಮೊಟ್ಟೆ ತರಲು ನನ್ನನ್ನೇ ಕಳಿಸಿದರು. ನನ್ನಲ್ಲಿ ಇವತ್ತು ಏನಾದರೂ ತಾಳ್ಮೆ ಇದ್ದರೆ ಅದು ಆ ಎರಡು ವಾರಗಳಲ್ಲಿ ಅಪ್ಪನ ಪಕ್ಕದಲ್ಲಿ ನಿಂತು ತಟ್ಟೆ ತೊಳೆದಾಗ ಬಂದದ್ದು. ಅದರ ಮುಂದಿನ ಬೆಳೆಗೆ ಮಾರುಕಟ್ಟೆಯಲ್ಲಿ ಯಾವ ರೇಟು ಸಿಕ್ಕಿತೆಂಬುದು ಮಾತ್ರ ನನಗೆ ನೆನಪೇ ಇಲ್ಲ.

ಈಗ ಕಾಲ ಬದಲಾಗಿದೆ. ಎಲೆ ಬಿಡಿಸದೆ ಕೊಂಬೆಯನ್ನೇ ಹಾಕುವ ಕೊಂಬೆ ಪದ್ಧತಿಯಲ್ಲಿ ಹುಳು ಮೇಯಿಸುತ್ತೇವೆ, ಹುಳುಮನೆ ಬೇರೆ ಇದೆ, ತೋಟಕ್ಕೆ ಹನಿ ನೀರಾವರಿ ಇದೆ, ಕೆರೆಗೆ ನೀರು ಬಂದ ಮೇಲೆ ಬತ್ತಿದ್ದ ಕೊಳವೆಬಾವಿಯೂ ಚೇತರಿಸಿಕೊಂಡಿದೆ. ಮಕ್ಕಳು ಹುಳುಮನೆಯ ಬಾಗಿಲಿಗೂ ಬರುವುದಿಲ್ಲ. ಅವರು ಒಳ್ಳೆಯ ಮಕ್ಕಳೇ. ಆದರೆ ಒಂದು ಲೆಕ್ಕ ಎರಡು ಸಲ ತಪ್ಪಾದರೆ ಪುಸ್ತಕ ಮುಚ್ಚಿಬಿಡುತ್ತಾರೆ. ಅದನ್ನು ನೋಡಿದಾಗ ನನಗೆ ಭಯವಾಗುತ್ತದೆ. ಫೋನಿನ ಆಸೆ ತೋರಿಸಿ ಓದಿಸುವುದು ಸರಿಯೇ? ಇಲ್ಲವೇ, ನಮಗೆ ತಾನಾಗಿ ಬಂದ ಕಷ್ಟವನ್ನು ಅವರಿಗೆ ನಾವೇ ಉಂಟುಮಾಡಿ ಕೊಡಬೇಕೇ? ನನ್ನ ಹೆಂಡತಿಯ ಮಾತೇ ಬೇರೆ: "ನಾವು ಪಟ್ಟದ್ದು ಅವರು ಪಡಬಾರದು ಎಂದೇ ಅಲ್ಲವೇ ಇಷ್ಟೆಲ್ಲ ಮಾಡಿದ್ದು? ಈಗ ಅದನ್ನೇ ತಂದು ಅವರ ತಲೆಯ ಮೇಲೆ ಹಾಕುತ್ತೀರಾ?" ಅದಕ್ಕೂ ನನ್ನಲ್ಲಿ ಉತ್ತರವಿಲ್ಲ.

ಗೌರಿಬಿದನೂರಿನ ನಿವೃತ್ತ ಶಿಕ್ಷಕ

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮುಂದಿನ ಬೆಳೆಯ ರೇಟು ನೆನಪಿಲ್ಲ, ತಟ್ಟೆ ತೊಳೆದದ್ದು ನೆನಪಿದೆ ಎಂದಿರಲ್ಲ, ನಿಮ್ಮ ಪ್ರಶ್ನೆಯ ಅರ್ಧ ಉತ್ತರವನ್ನು ನೀವೇ ಅಲ್ಲಿ ಬರೆದಿದ್ದೀರಿ.

ನಮ್ಮ ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಡಾ. ಎಚ್. ನರಸಿಂಹಯ್ಯನವರ ಬದುಕನ್ನು ನಾನು ನೌಕರಿಯ ಉದ್ದಕ್ಕೂ ಮಕ್ಕಳಿಗೆ ಹೇಳಿಕೊಂಡು ಬಂದವನು. ಬಡ ಕುಟುಂಬದ ಹುಡುಗ. ಮುಂದೆ ಓದಬೇಕೆಂದರೆ ಬೆಂಗಳೂರಿಗೆ ಹೋಗಬೇಕು, ಕೈಯಲ್ಲಿ ಕಾಸಿಲ್ಲ. ಊರಿನಿಂದ ಬೆಂಗಳೂರಿಗೆ ನಡೆದೇ ಹೋಗಿ ನ್ಯಾಷನಲ್ ಹೈಸ್ಕೂಲು ಸೇರಿದರು. 1942ರ ಚಳವಳಿಯಲ್ಲಿ ಓದನ್ನು ನಡುವೆಯೇ ಬಿಟ್ಟು ಸೆರೆಮನೆ ಕಂಡರು. ಹೊರಬಂದು ಮತ್ತೆ ಓದಿಗೆ ಕುಳಿತು ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ನ್ಯಾಷನಲ್ ಕಾಲೇಜಿನಲ್ಲಿ ಅಧ್ಯಾಪಕರಾದರು, ಅಮೆರಿಕದ ಓಹಿಯೊ ಸ್ಟೇಟ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದು ಹಿಂದಿರುಗಿದರು, 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದರು, ಪದ್ಮಭೂಷಣವೂ ಬಂತು. ಈ ಕಥೆಯನ್ನು ಹೇಳುವಾಗ ನಾವು ಶಿಕ್ಷಕರು ಬಹಳ ವರ್ಷ ಒಂದು ತಪ್ಪು ಮಾಡಿದೆವು ಎಂದು ನನಗೆ ಈಗ ಅನ್ನಿಸುತ್ತದೆ. "ನೋಡಿ ಮಕ್ಕಳೇ, ಕಷ್ಟಪಟ್ಟು ನಡೆದುಹೋದದ್ದಕ್ಕೆ ಕುಲಪತಿಯಾದರು" ಎಂದು, ಆ ದಾರಿಯನ್ನು ಪದವಿಗೆ ತೆತ್ತ ಬೆಲೆಯೆಂಬಂತೆ ಹೇಳುತ್ತಿದ್ದೆವು. ಹಾಗೆ ಹೇಳಿದರೆ ಅದೂ ಫೋನಿನ ಆಸೆಯಂತೆಯೇ ಆಯಿತು, ಫೋನಿನ ಬದಲು ಪದ್ಮಭೂಷಣ, ಅಷ್ಟೇ.

ನಿಜವಾಗಿ ಆ ಬದುಕಿನಲ್ಲಿ ಗಮನಿಸಬೇಕಾದದ್ದು ಪದವಿಗಳು ಬಂದ ಮೇಲಿನ ಭಾಗ. ಅಷ್ಟೆಲ್ಲ ಆದ ಮೇಲೂ ಅವರು ಕಾಲೇಜಿನ ವಿದ್ಯಾರ್ಥಿನಿಲಯದ ಕೊಠಡಿಯಲ್ಲೇ ಉಳಿದರು. ಅದೇ ಖಾದಿ ಬಟ್ಟೆ, ಅದೇ ಟೋಪಿ. ಗೌರಿಬಿದನೂರು, ಬಾಗೇಪಲ್ಲಿಗಳಂಥ ಹಿಂದುಳಿದ ಕಡೆಗೆ ಕಾಲೇಜು ತಂದರು, ಮುಂದಿನ ಹುಡುಗರು ನಡೆದುಹೋಗಬೇಕಾದ ದೂರ ಕಡಿಮೆಯಾಗಲೆಂದು. ಬೆಂಗಳೂರಿನ ದಾರಿಯಲ್ಲಿ ಆ ಹುಡುಗನೊಳಗೆ ಏನು ಗಟ್ಟಿಯಾಯಿತೋ ಅದನ್ನು ಆಮೇಲೆ ಬಂದ ಯಾವ ಪದವಿಯೂ ಹೆಚ್ಚಿಸಲಿಲ್ಲ, ಯಾವ ಪ್ರಶಸ್ತಿಯೂ ಸಡಿಲಗೊಳಿಸಲಿಲ್ಲ.

ಶಾಲೆಯಲ್ಲಿ ನಾನು ಕಂಡದ್ದನ್ನೂ ಹೇಳುತ್ತೇನೆ. ವಾರ್ಷಿಕೋತ್ಸವದಲ್ಲಿ ವರ್ಷ ವರ್ಷ ವೇದಿಕೆ ಹತ್ತಿ ಬಹುಮಾನ ಪಡೆದ ಮಕ್ಕಳಲ್ಲಿ ಅನೇಕರ ಮುಖ ನನಗೆ ಮರೆತಿದೆ. ಆದರೆ ಗಡಿ ಭಾಗದ ಹಳ್ಳಿಯೊಂದರಿಂದ ಬರುತ್ತಿದ್ದ, ಮನೆಯಲ್ಲಿ ತೆಲುಗು ಮಾತನಾಡುವ ಒಬ್ಬ ಹುಡುಗಿ ಕನ್ನಡದ ಒತ್ತಕ್ಷರ ತಪ್ಪಿದಾಗಲೆಲ್ಲ ಹಾಳೆಯ ಹಿಂದೆ ಇಪ್ಪತ್ತು ಸಲ ಬರೆದು, ನಾನು ಕೇಳದಿದ್ದರೂ ತಂದು ತೋರಿಸುತ್ತಿದ್ದಳು. ಅವಳಿಗೆ ಯಾವ ಬಹುಮಾನವೂ ಬರಲಿಲ್ಲ. ಅಂಥ ಮಕ್ಕಳನ್ನು ವೇದಿಕೆಗೆ ಕರೆಯುವ ಪದ್ಧತಿ ನಮ್ಮಲ್ಲಿರಲಿಲ್ಲ ಎಂಬ ಕೊರಗು ನನಗಿದೆ.

ಆದ್ದರಿಂದ ನನ್ನ ಸಲಹೆ ಇಷ್ಟು: ಫೋನಿನ ಮಾತು ಕೊಡಬೇಡಿ. ಮಕ್ಕಳನ್ನು ಕಷ್ಟಕ್ಕೆ ಸ್ವಲ್ಪ ಒಡ್ಡಿ. ನಡೆದು ಹೋಗುವ ದೂರವಿದ್ದರೆ ನಡೆಯಲಿ, ತಮ್ಮ ಬಟ್ಟೆ ತಾವೇ ಒಗೆಯಲಿ, ಹುಳುಮನೆಯ ಕೆಲಸಕ್ಕೂ ಬರಲಿ.

ಕೆಜಿಎಫ್‌ನಲ್ಲಿ ಬೆಳೆದವಳು, ಈಗ ಕೋಲಾರದಲ್ಲಿ ಅರ್ಥಶಾಸ್ತ್ರ ಉಪನ್ಯಾಸಕಿ

ಮೇಷ್ಟ್ರ ಮಾತಿನ ಮೇಲೆ ಗೌರವವಿಟ್ಟುಕೊಂಡೇ ಒಂದು ತಕರಾರು ಹೇಳಬೇಕಾಗಿದೆ. "ಮಕ್ಕಳನ್ನು ಕಷ್ಟಕ್ಕೆ ಒಡ್ಡಿ" ಎಂಬ ಮಾತು ನನಗೆ ಸಮಾಧಾನ ಕೊಡಲಿಲ್ಲ. ಕಷ್ಟವೇ ಮನುಷ್ಯನನ್ನು ತಿದ್ದುವುದಾದರೆ ಗಣಿ ಕಾರ್ಮಿಕರ ಸಾಲುಮನೆಗಳಾದ ನಮ್ಮ ಲೈನ್ ಮನೆಗಳಲ್ಲಿ ಹುಟ್ಟಿದವರೆಲ್ಲ ಮಹಾತ್ಮರೇ ಆಗಬೇಕಾಗಿತ್ತು.

ಚಿನ್ನದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದಾಗ ನನಗೆ ಹದಿಮೂರು ವರ್ಷ. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿದ್ದ ಆ ಗಣಿಗಳ ಬಿಸಿ, ಬಂಡೆ ಸಿಡಿತದ ಭಯ, ಕಲ್ಲಿನ ಧೂಳು ಶ್ವಾಸಕೋಶದಲ್ಲಿ ಕೂತು ಬರುವ ಸಿಲಿಕೋಸಿಸ್ ಎಂಬ ಕಾಯಿಲೆ, ಇವುಗಳನ್ನೆಲ್ಲ ನಮ್ಮ ಹಿರಿಯರು ತಲೆಮಾರುಗಳ ಕಾಲ ಸಹಿಸಿದವರು. ಅಂಥವರ ನಡುವೆ ಗಣಿ ಮುಚ್ಚಿದ ಮೇಲೆ ಏನಾಯಿತು? ಒಂದೇ ಗೋಡೆ ಹಂಚಿಕೊಂಡ ಎರಡು ಮನೆಗಳನ್ನು ನಾನು ನೋಡಿದ್ದೇನೆ. ಒಂದು ಮನೆಯ ಯಜಮಾನರು ಕತ್ತಲಲ್ಲೇ ರೈಲು ಹತ್ತಿ ಬೆಂಗಳೂರಿಗೆ ಹೋಗಿ, ರಾತ್ರಿ ಹಿಂದಿರುಗುವ ಕೆಲಸ ಹಿಡಿದು ಮಕ್ಕಳನ್ನು ಓದಿಸಿದರು. ಇಂದಿಗೂ ನಮ್ಮೂರಿನ ಸಾವಿರಾರು ಜನ ಹಾಗೆಯೇ ಹೋಗಿ ಬರುತ್ತಾರೆ. ಇನ್ನೊಂದು ಮನೆಯ ಯಜಮಾನರು ಕುಡಿತಕ್ಕೆ ಬಿದ್ದು ಕೆಲವೇ ವರ್ಷಗಳಲ್ಲಿ ಹೋಗಿಬಿಟ್ಟರು. ಎರಡನೆಯವರು ಸೋಮಾರಿಯಾಗಿರಲಿಲ್ಲ, ಕೆಟ್ಟವರಂತೂ ಅಲ್ಲವೇ ಅಲ್ಲ. ನನಗೆ ಸೈಕಲ್ ಹೊಡೆಯುವುದನ್ನು ಕಲಿಸಿದವರು ಅವರೇ. ಇಬ್ಬರಿಗೂ ಬಂದ ಕಷ್ಟ ಒಂದೇ. ಮೊದಲನೆಯವರಿಗೆ ಬೆಂಗಳೂರಿನಲ್ಲಿ ಕೈಹಿಡಿದು ಕರೆದೊಯ್ಯಲು ಒಬ್ಬ ಷಡ್ಡಕರಿದ್ದರು, ಎರಡನೆಯವರಿಗೆ ಯಾರೂ ಇರಲಿಲ್ಲ. ಅವರ ನಡುವಿನ ವ್ಯತ್ಯಾಸ ಬಹುಪಾಲು ಇಷ್ಟೇ ಎಂದು ನಾನು ನಂಬಿದ್ದೇನೆ.

ತಮಿಳುನಾಡಿನ ಕಬ್ಬು ಬೆಳೆಗಾರರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಒಂದು ಅಧ್ಯಯನವನ್ನು ನಾನು ತರಗತಿಯಲ್ಲಿ ಹೇಳುವುದುಂಟು. 464 ರೈತರಿಗೆ ಕಟಾವಿಗೆ ಮುಂಚೆ ಒಮ್ಮೆ, ಕಟಾವಾಗಿ ಹಣ ಬಂದ ಮೇಲೆ ಇನ್ನೊಮ್ಮೆ, ಬುದ್ಧಿಯ ಚುರುಕನ್ನೂ ಗಮನವನ್ನೂ ಅಳೆಯುವ ಪರೀಕ್ಷೆಗಳನ್ನು ಕೊಟ್ಟರು. ಅದೇ ಮನುಷ್ಯರು ಸಾಲದ ಚಿಂತೆಯಲ್ಲಿದ್ದಾಗ ಕಡಿಮೆ ಸಾಧಿಸಿದರು, ಕೈಯಲ್ಲಿ ಹಣವಿದ್ದಾಗ ಹೆಚ್ಚು ಸಾಧಿಸಿದರು. ಕೊರತೆಯ ಚಿಂತೆ ತಲೆಯೊಳಗಿನ ಜಾಗವನ್ನೇ ಆಕ್ರಮಿಸಿಕೊಳ್ಳುತ್ತದೆ ಎಂಬುದು ಆ ಸಂಶೋಧಕರ ತೀರ್ಮಾನ. ಹಸಿವು, ಸಾಲ, ಅವಮಾನ ಇವು ಯಾರನ್ನೂ ತಾವಾಗಿ ದೊಡ್ಡವರನ್ನಾಗಿ ಮಾಡುವುದಿಲ್ಲ. ಇವುಗಳನ್ನು ಹೊಗಳುವ ಅಭ್ಯಾಸ ಸಮಾಜಕ್ಕೆ ಅಂಟಿದರೆ, ಬಡವರ ಮಕ್ಕಳಿಗೆ ವಿದ್ಯಾರ್ಥಿವೇತನ ಕೊಡುವುದು ಏಕೆ ಎಂದು ಕೇಳುವವರಿಗೆ ನಾವೇ ಮಾತು ಕಲಿಸಿದಂತಾಗುತ್ತದೆ. ನಿಮ್ಮ ಮನೆಯವರ ಪ್ರಶ್ನೆ ಸರಿಯಾಗಿಯೇ ಇದೆ.

ಆದರೆ ಬಹುಮಾನದ ವಿಷಯದಲ್ಲಿ ನಾನು ಮೇಷ್ಟ್ರ ಪಕ್ಷ. 1973ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಶಿಶುವಿಹಾರವೊಂದರಲ್ಲಿ ಚಿತ್ರ ಬಿಡಿಸುವುದೆಂದರೆ ಮೊದಲೇ ಇಷ್ಟವಿದ್ದ ಮಕ್ಕಳನ್ನು ಮೂರು ಗುಂಪು ಮಾಡಿದರು. ಚಿತ್ರ ಬರೆದರೆ ರಿಬ್ಬನ್ ಕಟ್ಟಿದ ಪ್ರಮಾಣಪತ್ರ ಕೊಡುತ್ತೇವೆ ಎಂದು ಒಂದು ಗುಂಪಿಗೆ ಮುಂಚೆಯೇ ಹೇಳಿದರು. ಇನ್ನೊಂದು ಗುಂಪಿಗೆ ಹೇಳದೆ ಕೊನೆಯಲ್ಲಿ ಕೊಟ್ಟರು. ಮತ್ತೊಂದು ಗುಂಪಿಗೆ ಏನನ್ನೂ ಕೊಡಲಿಲ್ಲ. ಒಂದೆರಡು ವಾರ ಬಿಟ್ಟು ನೋಡಿದರೆ, ಮುಂಚೆಯೇ ಮಾತು ಪಡೆದಿದ್ದ ಮಕ್ಕಳು ಚಿತ್ರಕ್ಕೆ ಕೊಡುತ್ತಿದ್ದ ಸಮಯ ಉಳಿದವರದಕ್ಕಿಂತ ಸುಮಾರು ಅರ್ಧಕ್ಕೆ ಇಳಿದಿತ್ತು. ಹೇಳದೆ ಕೊಟ್ಟ ಮಕ್ಕಳಲ್ಲಿ ಆ ಕುಸಿತ ಕಾಣಲಿಲ್ಲ. ಮೆಚ್ಚಿ ಕೊಡುವುದು ಬೇರೆ, ಕರಾರು ಮಾಡಿಕೊಂಡು ಕೊಡುವುದು ಬೇರೆ ಎಂದು ನಾನು ಇದನ್ನು ಅರ್ಥಮಾಡಿಕೊಂಡಿದ್ದೇನೆ. ನಮ್ಮ ಅಮ್ಮ ಹೊಲಿಗೆಯ ದುಡ್ಡಿನಲ್ಲಿ, ನಾನು ಪಿಯುಸಿ ಮುಗಿಸಿದ ಮೇಲೆ, ಒಂದು ಕೈಗಡಿಯಾರ ತಂದುಕೊಟ್ಟರು. ಅದಕ್ಕಾಗಿ ನಾನು ಓದಿರಲಿಲ್ಲ, ಅದು ಬರುತ್ತದೆಂದೂ ಗೊತ್ತಿರಲಿಲ್ಲ. ಅದು ಈಗಲೂ ನನ್ನ ಹತ್ತಿರ ಇದೆ.

ಹುಳುಮನೆಯ ಕೆಲಸದ ಬಗ್ಗೆಯೂ ಒಂದು ಮಾತು. ಮಕ್ಕಳು ಕೆಲಸ ಮಾಡಲಿ, ಆದರೆ ಓದಿನ ಹೊತ್ತು, ನಿದ್ದೆಯ ಹೊತ್ತು ಮುಟ್ಟದಂತೆ ಇರಲಿ. ನೀವು ನಡುರಾತ್ರಿ ಎದ್ದದ್ದು ಬೇರೆ ದಾರಿಯಿರಲಿಲ್ಲವೆಂದು. ಈಗ ದಾರಿಯಿದೆ.

ಮುಳಬಾಗಿಲಿನ ಟೊಮೆಟೊ ಬೆಳೆಗಾರ

ಅಕ್ಕನವರು ಬರೆದದ್ದನ್ನು ಓದಿದ ಮೇಲೆ ನನ್ನದೂ ಒಂದು ಅನುಭವ ಹೇಳಬೇಕೆನ್ನಿಸಿತು. ಶ್ರಮಕ್ಕೆ ತಕ್ಕ ಫಲ ಎನ್ನುತ್ತಾರಲ್ಲ, ಟೊಮೆಟೊ ಬೆಳೆಯುವವನು ಆ ಮಾತನ್ನು ಬಹಳ ದಿನ ನಂಬಲಾರ.

2023ರ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕಿಲೋ ಬಾಕ್ಸಿನ ಬೆಲೆ ಎರಡು ಸಾವಿರ ರೂಪಾಯಿ ದಾಟಿತ್ತು. ನನಗೂ ಆ ಸಲ ಒಳ್ಳೆಯ ಹಣ ಬಂತು. ಅದೇ ನೆಲದಲ್ಲಿ, ಅದೇ ಗೊಬ್ಬರ ಹಾಕಿ, ಅದೇ ರೀತಿ ಕಡ್ಡಿ ನೆಟ್ಟು ದಾರ ಕಟ್ಟಿ ಬೆಳೆದ ಹಣ್ಣನ್ನು ಬೇರೆ ವರ್ಷಗಳಲ್ಲಿ, ಕೀಳುವ ಕೂಲಿಯೂ ಹುಟ್ಟದೆ, ತೋಟದಲ್ಲೇ ಬಿಟ್ಟದ್ದುಂಟು. ನನ್ನ ದುಡಿಮೆಯಲ್ಲಿ ಏನೂ ವ್ಯತ್ಯಾಸವಿರಲಿಲ್ಲ. ಹಾಗಾಗಿ ಬಂದ ಹಣವನ್ನು ನನ್ನ ಯೋಗ್ಯತೆಯ ಅಳತೆಯೆಂದು ತಿಳಿದರೆ, ಬಾರದ ವರ್ಷ ನಾನು ಯೋಗ್ಯತೆಯಿಲ್ಲದವನಾಗುತ್ತೇನೆ.

ಹಣ ಬಂದ ಆ ವರ್ಷ ನಾನು ಸರಿಯಾಗಿ ಯೋಚಿಸದೆ ಎರಡು ಕೊಳವೆಬಾವಿ ಕೊರೆಸಿದೆ. ನಮ್ಮ ಕಡೆ ಸಾವಿರ ಅಡಿ ದಾಟಿದರೂ ನೀರು ಸಿಗುವುದು ಖಾತ್ರಿಯಿಲ್ಲವೆಂದು ಗೊತ್ತಿದ್ದೂ ಕೊರೆಸಿದೆ. ಎರಡರಲ್ಲೂ ಬರೀ ಧೂಳೆದ್ದಿತು. ಅದಕ್ಕೂ ಮುಂಚೆ, ಎಲೆ ಮುಟುರು ರೋಗ ಬಂದು ಇಡೀ ತೋಟ ಹೋದ ವರ್ಷದಲ್ಲಿ ನಾನು ಕಲಿತದ್ದೇ ಹೆಚ್ಚು. ಬಿಳಿ ನೊಣದಿಂದ ಸಸಿಗಳನ್ನು ಕಾಪಾಡಲು ಬಲೆಯೊಳಗೆ ಬೆಳೆಸಿದ ನಾರನ್ನೇ ತರುವುದು, ಒಂದೇ ಹೊಲದಲ್ಲಿ ಮತ್ತೆ ಮತ್ತೆ ಟೊಮೆಟೊ ಹಾಕದೆ ನಡುವೆ ರಾಗಿ ಹಾಕುವುದು, ಖರ್ಚಿನ ಪುಸ್ತಕ ಬರೆಯುವುದು, ಇವೆಲ್ಲ ಆ ಸೋಲಿನ ವರ್ಷದಲ್ಲಿ ಬಂದ ಅಭ್ಯಾಸಗಳು. ಖರ್ಚಿನ ಪುಸ್ತಕವನ್ನು ನಾನು ಬಿಟ್ಟದ್ದು ಬೆಲೆ ಏರಿದ ವರ್ಷದಲ್ಲಿ ಮಾತ್ರ.

ಅಕ್ಕನವರು ಹೇಳಿದಂತೆ ಸೋಲು ತಾನಾಗಿ ಕಲಿಸುವುದಿಲ್ಲ. ನನ್ನ ತೋಟ ಹೋದಾಗ ಮಂಡಿಯವರು ಹಳೆಯ ಬಾಕಿಗೆ ಆರು ತಿಂಗಳು ಸಮಯ ಕೊಟ್ಟರು, ಅಣ್ಣ ರಾಗಿ ಕೊಟ್ಟ. ಅದಿಲ್ಲದಿದ್ದರೆ ನಾನೂ ನೆಲ ಮಾರಿ ಬೆಂಗಳೂರಿನಲ್ಲಿ ಕಾವಲು ಕೆಲಸಕ್ಕೆ ಸೇರುತ್ತಿದ್ದೆನೇನೋ, ಯಾವ ಪಾಠವನ್ನೂ ಕಲಿಯದೆ.

ನಮ್ಮ ಮುಳಬಾಗಿಲಿನವರೇ ಆದ ಡಿ.ವಿ.ಜಿ.ಯವರನ್ನು ಇಲ್ಲಿ ನೆನೆಯಬೇಕು. ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಅವರು ತೇರ್ಗಡೆಯಾಗಲಿಲ್ಲ ಎಂಬುದನ್ನು ಎಲ್ಲರೂ ಬಲ್ಲರು. ಬದುಕಿನುದ್ದಕ್ಕೂ ಹಣದ ಮುಗ್ಗಟ್ಟಿನಲ್ಲೇ ಪತ್ರಿಕೆ ನಡೆಸಿದರು, ಬರೆದರು. 1970ರಲ್ಲಿ ನಾಡಿನ ಜನ ಸನ್ಮಾನ ಮಾಡಿ ಸುಮಾರು ಒಂದು ಲಕ್ಷ ರೂಪಾಯಿಯ ನಿಧಿ ಅರ್ಪಿಸಿದಾಗ, ತಾವು ಕಟ್ಟಿದ ಗೋಖಲೆ ಸಾರ್ವಜನಿಕ ಸಂಸ್ಥೆಗೆ ಅದನ್ನು ಕೊಟ್ಟುಬಿಟ್ಟರು. ಅಷ್ಟು ಹಣ ಅಂದಿನ ದಿನಕ್ಕೆ ಎಷ್ಟು ದೊಡ್ಡದೆಂದು ಯೋಚಿಸಿ ನೋಡಿ.

ತುಮಕೂರಿನಿಂದ, ಸಿದ್ಧಗಂಗೆಯ ಹಳೆಯ ವಿದ್ಯಾರ್ಥಿ

ನಾನು ಪಾವಗಡ ತಾಲ್ಲೂಕಿನವನು. ಮಳೆ ಕೈಕೊಟ್ಟ ಒಂದು ವರ್ಷ ಅಪ್ಪ ನನ್ನನ್ನು ಸಿದ್ಧಗಂಗಾ ಮಠಕ್ಕೆ ಕರೆತಂದು ಬಿಟ್ಟುಹೋದರು. ಅಲ್ಲಿ ಊಟ, ವಸತಿ, ಓದು ಎಲ್ಲವೂ ಉಚಿತ. ಹತ್ತು ಸಾವಿರದಷ್ಟು ಮಕ್ಕಳು, ಎಲ್ಲ ಜಾತಿಯವರು, ಒಂದೇ ಪಂಕ್ತಿ. ಹಾಗೆ ನೋಡಿದರೆ ನನ್ನ ನಿಜವಾದ ಕಷ್ಟವನ್ನು, ಅಂದರೆ ಹಸಿವನ್ನು, ಮಠ ದೂರ ಮಾಡಿತು. ಉಳಿದದ್ದು ಬೇರೆ ಬಗೆಯದು: ಬೆಳಗಿನ ಜಾವ ಏಳುವುದು, ತಣ್ಣೀರಿನ ಸ್ನಾನ, ಪ್ರಾರ್ಥನೆ, ಸಾಲಿನಲ್ಲಿ ತಟ್ಟೆ ಹಿಡಿದು ನಿಲ್ಲುವುದು, ಚಿಕ್ಕ ಹುಡುಗರಿಗೆ ಬಡಿಸುವುದು, ಮನೆಯ ನೆನಪಾದಾಗ ಪಕ್ಕದವನ ಹತ್ತಿರ ಹೇಳಿಕೊಳ್ಳುವುದು.

ಉಪನ್ಯಾಸಕಿಯವರ ಮಾತನ್ನೂ ಮೇಷ್ಟ್ರ ಮಾತನ್ನೂ ಸೇರಿಸಿ ನೋಡಿದಾಗ ನನಗೆ ಈ ವ್ಯತ್ಯಾಸವೇ ಮುಖ್ಯವೆನ್ನಿಸುತ್ತದೆ. ಹಸಿವು ಮನುಷ್ಯನನ್ನು ತಿನ್ನುತ್ತದೆ; ಶಿಸ್ತು ಅವನನ್ನು ಬೆಳೆಸುತ್ತದೆ. ಹೊರಗಿನಿಂದ ನೋಡುವವರಿಗೆ ಎರಡೂ ಕಷ್ಟದ ಹಾಗೆಯೇ ಕಾಣುತ್ತವೆ. ಶಿವಕುಮಾರ ಸ್ವಾಮಿಗಳು ತಮ್ಮ ಆರಂಭದ ವರ್ಷಗಳಲ್ಲಿ ಊರೂರು ತಿರುಗಿ ಮಕ್ಕಳಿಗಾಗಿ ಧಾನ್ಯ ಸಂಗ್ರಹಿಸಿದವರು. ನೂರು ವರ್ಷ ದಾಟಿದ ಮೇಲೂ ಅವರ ದಿನಚರಿ ಸಡಿಲವಾಗಲಿಲ್ಲ ಎಂಬುದನ್ನು ಮಠಕ್ಕೆ ಹೋದವರೆಲ್ಲ ಕಣ್ಣಾರೆ ಕಂಡಿದ್ದಾರೆ. 2007ರಲ್ಲಿ ಕರ್ನಾಟಕ ರತ್ನ ಬಂತು, ಮಾರನೆಯ ದಿನದ ಪೂಜೆ, ದಾಸೋಹಗಳು ಎಂದಿನಂತೆಯೇ ನಡೆದವು. ನಮಗೆ ಅಲ್ಲಿ ಯಾರೂ "ಕಷ್ಟಪಡಿ, ಮುಂದೆ ದೊಡ್ಡವರಾಗುತ್ತೀರಿ" ಎಂದು ಹೇಳಿಕೊಟ್ಟದ್ದು ನನಗೆ ನೆನಪಿಲ್ಲ. ನಮಗಿಂತ ಮುಂಚೆ ಎದ್ದು ಕುಳಿತಿರುವ ಒಬ್ಬ ಹಿರಿಯರನ್ನು ದಿನವೂ ನೋಡುತ್ತಿದ್ದೆವು, ಅಷ್ಟೇ. ನೀವು ನಿಮ್ಮ ತಂದೆಯ ಪಕ್ಕದಲ್ಲಿ ನಿಂತು ತಟ್ಟೆ ತೊಳೆದದ್ದೂ ಅಂಥದ್ದೇ ಎಂದು ನನ್ನ ಭಾವನೆ. ಆ ಎರಡು ವಾರ ನಿಮ್ಮೊಬ್ಬರನ್ನೇ ಆ ಕೆಲಸಕ್ಕೆ ಬಿಟ್ಟು ಅಪ್ಪ ಮನೆಯೊಳಗೆ ಕುಳಿತಿದ್ದರೆ, ನಿಮ್ಮಲ್ಲಿ ತಾಳ್ಮೆಯ ಬದಲು ಸಿಟ್ಟು ಉಳಿಯುತ್ತಿತ್ತು.

ಗೌರಿಬಿದನೂರಿನ ನಿವೃತ್ತ ಶಿಕ್ಷಕ

ಉಪನ್ಯಾಸಕಿಯವರ ತಕರಾರನ್ನು ಒಪ್ಪುತ್ತೇನೆ. "ಕಷ್ಟಕ್ಕೆ ಒಡ್ಡಿ" ಎಂದು ನಾನು ಬರೆದದ್ದು ಅವಸರದ ಮಾತು. ಆ ತೆಲುಗು ಮನೆಮಾತಿನ ಹುಡುಗಿಯನ್ನೇ ಮತ್ತೆ ನೆನೆದುಕೊಂಡೆ. ಒತ್ತಕ್ಷರ ಕಷ್ಟವಾಗಿತ್ತು, ನಿಜ. ಆದರೆ ತಪ್ಪಾದಾಗ ತರಗತಿಯಲ್ಲಿ ಯಾರೂ ನಗದಂತೆ ನೋಡಿಕೊಂಡಿದ್ದೆ. ನಕ್ಕಿದ್ದರೆ ಅವಳು ಇಪ್ಪತ್ತು ಸಲ ಬರೆಯುತ್ತಿರಲಿಲ್ಲ, ಶಾಲೆಯನ್ನೇ ಬಿಡುತ್ತಿದ್ದಳು. ಬಿಟ್ಟ ಮಕ್ಕಳೂ ನನ್ನ ನೌಕರಿಯಲ್ಲಿ ಇದ್ದಾರೆ. ಅವರ ಕಥೆಯನ್ನು ನಾವು ಭಾಷಣಗಳಲ್ಲಿ ಹೇಳುವುದಿಲ್ಲ.

ಆದರೂ ನನ್ನ ಮೂಲ ಮಾತನ್ನು ಪೂರ್ತಿ ಹಿಂದಕ್ಕೆ ತೆಗೆದುಕೊಳ್ಳಲಾರೆ. ತನಗೆ ಸ್ವಲ್ಪ ಮೀರಿದ ಕೆಲಸವನ್ನು ಹಿಡಿದು, ಸೋತು, ಮತ್ತೆ ಹಿಡಿಯುವ ಸಂದರ್ಭವೇ ಮಗುವಿಗೆ ಸಿಗದಂತೆ ಮಾಡಿದರೆ, ಪ್ರೀತಿಯಿಂದಲೇ ಮಾಡಿದರೂ, ಅದು ಅನ್ಯಾಯ. ಮಾಲೂರು ತಾಲ್ಲೂಕಿನ ಮಾಸ್ತಿಯವರು 1910ರ ಸುಮಾರಿಗೆ ಕಥೆ ಬರೆಯಲು ತೊಡಗಿದವರು. ಜ್ಞಾನಪೀಠ ಬಂದದ್ದು 1983ರಲ್ಲಿ, ತೊಂಬತ್ತು ದಾಟಿದ ಮೇಲೆ. ನಡುವಿನ ಎಪ್ಪತ್ತು ವರ್ಷ ಅವರನ್ನು ಬರೆಸಿದ್ದು ಆ ಪ್ರಶಸ್ತಿಯಲ್ಲ. ಬರೆಯುವ ಕೆಲಸವೇ ಬರೆಸಿತು. ನಿಮ್ಮ ಮಕ್ಕಳಿಗೆ ಅಂಥ ಒಂದು ಕೆಲಸ ಸಿಗಲಿ ಎಂಬುದಷ್ಟೇ ನನ್ನ ಹಾರೈಕೆ. ಅದು ರೇಷ್ಮೆಯೇ ಆಗಬೇಕೆಂದಿಲ್ಲ.

ಶಿಡ್ಲಘಟ್ಟದ ರೇಷ್ಮೆ ಬೆಳೆಗಾರ

ಬರೆದ ಎಲ್ಲರಿಗೂ ಕೃತಜ್ಞತೆಗಳು. ನಿಮ್ಮ ಉತ್ತರಗಳನ್ನು ಹೆಂಡತಿಗೂ ಓದಿ ಹೇಳಿದೆ. ಕೆಜಿಎಫ್ ಅಕ್ಕನವರ ಬರಹ ಕೇಳಿ ಅವಳು, "ಇದನ್ನೇ ನಾನು ಹೇಳಿದ್ದು" ಎಂದಳು. ತುಮಕೂರಿನವರ ಕೊನೆಯ ಮಾತು ನನ್ನನ್ನು ನಿದ್ದೆಗೆಡಿಸಿತು. ಅಪ್ಪ ಪಕ್ಕದಲ್ಲಿದ್ದರು ಎಂಬುದನ್ನು ನಾನೇ ಬರೆದಿದ್ದರೂ, ಅದರ ತೂಕ ನನಗೆ ಗೊತ್ತಿರಲಿಲ್ಲ. ನಾನು ಕಷ್ಟವನ್ನೇ ನೆನಪಿಟ್ಟುಕೊಂಡಿದ್ದೆ, ಜೊತೆಯನ್ನು ಮರೆತಿದ್ದೆ. ನನ್ನ ಮಕ್ಕಳು ಲೆಕ್ಕ ತಪ್ಪಾಗಿ ಪುಸ್ತಕ ಮುಚ್ಚುವಾಗ ನಾನು ಎಲ್ಲಿರುತ್ತೇನೆ ಎಂದು ಕೇಳಿಕೊಂಡೆ. ಬಹುಪಾಲು ಹೊರಗಿನ ಜಗುಲಿಯ ಮೇಲೆ ಫೋನ್ ನೋಡುತ್ತಿರುತ್ತೇನೆ.

ಮಗನನ್ನು ಕೂರಿಸಿಕೊಂಡು ಮಾತನಾಡಿದೆ. ಅಂಕಕ್ಕೆ ಫೋನ್ ಎಂಬ ಕರಾರು ನಮ್ಮ ಮನೆಯಲ್ಲಿ ಇರುವುದಿಲ್ಲವೆಂದೂ, ಅವನಿಗೆ ಬೇಕಾದದ್ದನ್ನು ನಮ್ಮ ಕೈಲಾದಾಗ ಕೊಡಿಸುತ್ತೇವೆಂದೂ, ಎರಡಕ್ಕೂ ಸಂಬಂಧವಿಲ್ಲವೆಂದೂ ಹೇಳಿದೆ. ಅವನಿಗೆ ಬೇಸರ ಆಯಿತು, ಎರಡು ದಿನ ಸರಿಯಾಗಿ ಮಾತನಾಡಲಿಲ್ಲ. ರಾತ್ರಿ ಎಂಟರಿಂದ ಒಂಬತ್ತರವರೆಗೆ ಈಗ ನಾನು ಅವನ ಪಕ್ಕದಲ್ಲಿ ಕುಳಿತುಕೊಳ್ಳುತ್ತೇನೆ. ಒಂಬತ್ತನೇ ತರಗತಿಯ ಗಣಿತ ನನಗೆ ಪೂರ್ತಿ ಮರೆತುಹೋಗಿದೆ. ಅವನು ಮಾಡುವ ಲೆಕ್ಕವನ್ನೇ ನಾನೂ ಒಂದು ಹಾಳೆಯಲ್ಲಿ ಮಾಡುತ್ತೇನೆ. ಮೊನ್ನೆ ಬಹುಪದೋಕ್ತಿಯ ಲೆಕ್ಕವೊಂದು ಇಬ್ಬರಿಗೂ ಮೂರು ಸಲ ತಪ್ಪಾಯಿತು. ನಾಲ್ಕನೆಯ ಸಲ ಅವನಿಗೆ ಸರಿಬಂತು, ನನಗೆ ಬರಲಿಲ್ಲ, ಅವನೇ ಹೇಳಿಕೊಟ್ಟ.

ಹುಳುಮನೆಯ ವಿಷಯದಲ್ಲಿ ಮಕ್ಕಳನ್ನು ಒತ್ತಾಯಿಸಲಿಲ್ಲ. ಈ ಬೆಳೆಗೆ ನಿಮಗೂ ಒಂದೊಂದು ಭಾಗ ಬೇಕೇ ಎಂದಷ್ಟೇ ಕೇಳಿದೆ. ಮಗಳು ಶಾಖ ಮತ್ತು ತೇವಾಂಶದ ಪುಸ್ತಕ ಬರೆಯಲು ಒಪ್ಪಿದಳು. ಕೊನೆಯ ಹಂತದ ಹುಳುವಿಗೆ 24–25 ಡಿಗ್ರಿಯ ಆಸುಪಾಸಿನ ಶಾಖ ಇರಬೇಕೆಂದು ಓದಿಕೊಂಡು ಬಂದು, ನಮ್ಮ ಹುಳುಮನೆಯ ತಗಡಿನ ಸೂರಿನ ಮೇಲೆ ಗರಿ ಹೊದಿಸಬೇಕೆಂದು ನನಗೇ ಹೇಳಿದಳು. ಮಗ ಒಂದು ಅಂಕಣದ ಒಂದು ಅಂತಸ್ತು ತನ್ನದು ಎಂದ. ಅದರ ಗೂಡು ಮಾರಿದ ಹಣದಲ್ಲಿ ಖರ್ಚು ಕಳೆದು ಉಳಿದದ್ದು ಅವನದೇ ಎಂದು ಹೇಳಿದ್ದೇನೆ. ಇದು ಬಹುಮಾನವಲ್ಲ, ದುಡಿದವನ ಪಾಲು. ಹುಳು ಹೋದರೆ ಪಾಲೂ ಇಲ್ಲ. ಮಧ್ಯರಾತ್ರಿಯ ಸೊಪ್ಪು ಮಾತ್ರ ನನ್ನದೇ.

ಚಾಕಿ ಹುಳು, ಅಂದರೆ ಎಳೆಯ ಹುಳು, ಗುರುವಾರ ಬರುತ್ತದೆ. ಬೆಳಿಗ್ಗೆ ಐದೂವರೆಗೆ ಮೊದಲ ಸೊಪ್ಪು ತಾನೇ ಹಾಕುತ್ತೇನೆ, ಎಬ್ಬಿಸುವುದು ಬೇಡ ಎಂದು ಮಗ ಅವರಮ್ಮನಿಗೆ ಹೇಳಿದ್ದಾನೆ. ನಾನು ಐದಕ್ಕೇ ಎದ್ದು ಹುಳುಮನೆಯಲ್ಲಿರುತ್ತೇನೆ.